ಹೊಸ ಗಾಡಿಯ ಹಳೇ ವೇಷ

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಷೋರೂಮಿನಿಂದ ಹೊಚ್ಚ ಹೊಸದಾಗಿ ಬಂದ ಮೋಟಾರ್ ಸೈಕಲ್ಲನ್ನು, ಅದರ ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಪರಪರ ಎನ್ನುತ್ತಿದ್ದಾಗಲೇ, ಅಜ್ಜನ ಕಾಲದ್ದರ ಹಾಗೆ ಕಾಣಿಸಲು ಸ್ಪ್ಯಾನರ್ ಹಿಡಿದು ಬಿಚ್ಚಿದವನು ನಾನೇ. ಯಾರೂ ಕಿವಿ ಊದಲಿಲ್ಲ. ಜ್ವರವೂ ಇರಲಿಲ್ಲ. ಭಾನುವಾರ ಬೆಳಿಗ್ಗೆ, ಹೊಟ್ಟೆ ತುಂಬ ಉಪ್ಪಿಟ್ಟು ತಿಂದು, ಪೂರ್ತಿ ಎಚ್ಚರದಲ್ಲಿ ಮಾಡಿದ ಕೆಲಸ ಅದು. ಮುಂದೆ ಈ ಬರಹದಲ್ಲಿ ನಾನು ಗಾಡಿಯನ್ನು ಬೈಯುತ್ತೇನೆ, ಮೆಕ್ಯಾನಿಕ್ಕನ್ನು ಬೈಯುತ್ತೇನೆ, ಕುರ್ಲಾದಿಂದ ಮುಲುಂಡಿನವರೆಗಿನ ಹೊಂಡಗಳನ್ನಂತೂ ಬೈದೇ ಬೈಯುತ್ತೇನೆ. ಆಗೆಲ್ಲ ನೀವು ನನ್ನ ಪರ ವಹಿಸಬೇಕಾಗಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಚೆಂಬೂರಿನ ನಮ್ಮ ಕಾಲೊನಿಯಲ್ಲಿ ನನ್ನ ಓರಗೆಯವರೆಲ್ಲ ಜಪಾನಿನವರ ಸಹವಾಸದಿಂದ ಹುಟ್ಟಿದ ತೆಳ್ಳನೆಯ ಬೈಕುಗಳನ್ನು ಕೊಳ್ಳುತ್ತಿದ್ದರು. ಅವಕ್ಕೆ ಕಾಲು ಸೋಕಿಸಿದರೆ ಸಾಕು, ಹೊಲಿಗೆ ಮೆಷಿನ್ನಿನ ಹಾಗೆ ಸದ್ದು ಮಾಡುತ್ತ ಹೊರಟುಬಿಡುತ್ತಿದ್ದವು. ಪೆಟ್ರೋಲನ್ನು ತೀರ್ಥದ ಹಾಗೆ ಉದ್ಧರಣೆಯಲ್ಲಿ ಕುಡಿಯುತ್ತಿದ್ದವು. ನಾನು ಕೊಂಡದ್ದು ಮಾತ್ರ, ಎಷ್ಟೋ ವರ್ಷದ ಹಿಂದಿನ ಆಕಾರವನ್ನು ಬಿಡದೆ ಇನ್ನೂ ಹೊಸದಾಗಿ ತಯಾರಾಗುತ್ತಿದ್ದ ಆ ಭಾರದ ಜಾತಿಯದು. ಗುಂಡನೆಯ ಟ್ಯಾಂಕು, ದಪ್ಪ ಎಂಜಿನ್ನು, ಒರಳಿನಲ್ಲಿ ಅವಲಕ್ಕಿ ಕುಟ್ಟಿದಂಥ ಸದ್ದು. ಹೆಸರು ಹೇಳುವುದಿಲ್ಲ. ಅದನ್ನು ಇಟ್ಟುಕೊಂಡವರು ಅದನ್ನು ದೇವರ ಹಾಗೆ ಕಾಣುತ್ತಾರೆ. ನನಗೆ ಹೊಸ ಜಗಳ ಬೇಡ. ಆದರೆ ಕಾರ್ಖಾನೆಯವರು ಕಾಲಧರ್ಮಕ್ಕೆ ತಲೆಬಾಗಿ ಅದಕ್ಕೂ ಪ್ಲಾಸ್ಟಿಕ್ಕಿನ ಇಂಡಿಕೇಟರು, ಇಬ್ಬರು ಆರಾಮಾಗಿ ಕೂರುವ ಉದ್ದ ಸೀಟು, ಹಿಂದೆ ಕೂತ ಹೆಂಗಸರ ಸೆರಗು ನೆರಿಗೆ ಚಕ್ರಕ್ಕೆ ಸಿಕ್ಕದಿರಲಿ ಎಂದು ಕಬ್ಬಿಣದ ಸೀರೆ ಗಾರ್ಡು ಎಲ್ಲ ಜೋಡಿಸಿದ್ದರು. ನಾನು ನೋಡಿದ್ದ ಹಳೆಯ ಫೋಟೋಗಳಲ್ಲಿ ಇವು ಯಾವುವೂ ಇರಲಿಲ್ಲ. ಆದ್ದರಿಂದ ನನ್ನ ಗಾಡಿಯಲ್ಲೂ ಇರಕೂಡದು.

ಇದಕ್ಕೆಲ್ಲ ಮೂಲ ನನ್ನ ಹುಟ್ಟುಗುಣ. ನಾನು ಅಣಕಿಸುವವನು. ಎದುರು ನಿಂತು ಸ್ವಲ್ಪ ಹೊತ್ತು ಮಾತಾಡಿದವರ ದನಿ, ಕೆಮ್ಮು, ಮೂಗೇರಿಸುವ ಕ್ರಮ ಎಲ್ಲ ನನಗೆ ಶೀತದ ಹಾಗೆ ಅಂಟಿಕೊಳ್ಳುತ್ತದೆ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ, ಸಾಹೇಬರು ರಜೆ ಹಾಕಿದ ದಿನವೂ ಅವರ ಬೈಗುಳ ಕೇಳಿಸುತ್ತದೆ ಎಂಬ ದೂರಿದೆ. ನಮ್ಮ ಸೊಸೈಟಿಯ ಸೆಕ್ರೆಟರಿ ದೇಶಪಾಂಡೆ, ನಲ್ಲಿಯಲ್ಲಿ ನೀರು ಬಂದಾಗ ಅಂಗಳದಲ್ಲಿ ನಿಂತು "ಪಾಣೀ ಆಲಂ" ಎಂದು ಕೂಗುವ ರೀತಿಯನ್ನು ನಾನು ಚೆನ್ನಾಗಿ ಒಲಿಸಿಕೊಂಡಿದ್ದೆ. ಒಂದು ಮಧ್ಯಾಹ್ನ ಹಾಗೆ ಕೂಗಿ, ಇಡೀ ಬಿಲ್ಡಿಂಗಿನ ಹೆಂಗಸರನ್ನು ನಿದ್ದೆಯಿಂದ ಎಬ್ಬಿಸಿ ಬಕೆಟ್ಟಿನೊಂದಿಗೆ ಒಣ ನಲ್ಲಿಗಳ ಮುಂದೆ ನಿಲ್ಲಿಸಿದೆ. ನಿಜ ತಿಳಿದ ಮೇಲೆ ಅವೇ ಬಕೆಟ್ಟುಗಳು ನನ್ನ ಕಡೆ ತಿರುಗಿದವು. ನನ್ನ ಸ್ವಂತ ದನಿ ಯಾವುದು ಎಂದು ಅಮ್ಮನನ್ನು ಕೇಳಿದರೆ, ಹಸಿವಾದಾಗ ಮಾತ್ರ ಕೇಳಿಸುತ್ತೆ ಅನ್ನುತ್ತಾಳೆ. ಇಂಥವನಿಗೆ, ತಾನು ಹೊಸದಾಗಿದ್ದೂ ಮುದುಕರ ಹಾಗೆ ಗಂಟಲು ಸರಿಮಾಡಿಕೊಂಡು ಮಾತಾಡುವ ಗಾಡಿ ಕಂಡರೆ ಹೇಗಾಗಬೇಡ. ಒಂದೇ ಕಸುಬಿನವನು ಸಿಕ್ಕಿದಂತಾಯಿತು. ಅದು ಅಲ್ಲಲ್ಲಿ ವೇಷ ಮರೆತದ್ದನ್ನು ನಾನು ತಿದ್ದಲು ಹೊರಟೆ, ಅಷ್ಟೆ.

ಆದರೆ ಗಾಡಿ ಮನೆಗೆ ಬಂದದ್ದು ನನ್ನ ಕಲಾಭಿಮಾನದಿಂದಲ್ಲ, ಅಮ್ಮನ ಮೂರನೆಯ ನುಡಿಯಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅಮ್ಮ ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ಸಂಗೀತ ಕಲಿತವಳು. ಮದುವೆಯಾಗಿ ಚೆಂಬೂರಿಗೆ ಬಂದ ಮೇಲೆ ಅವಳ ಹಾಡಿಗೆ ಜೊತೆಗೂಡಿದ್ದು ಪ್ರೆಷರ್ ಕುಕ್ಕರ್ ಒಂದೇ. ಹೀಗಿರುವಾಗ ಮುಲುಂಡಿನಲ್ಲಿರುವ ಧಾರವಾಡದ ಕಡೆಯ ಇಂದಿರಾಬಾಯಿ ಎಂಬುವರು ಹಾಡುವ ಹೆಂಗಸರದೊಂದು ತಂಡ ಕಟ್ಟಿದರು. ದಸರೆಯ ಹೊತ್ತಿಗೆ ಮಾಟುಂಗಾದಲ್ಲಿ ದೇವರನಾಮದ ಸ್ಪರ್ಧೆ ಇತ್ತು. ಯಾರದೋ ಮನೆಯ ಅರಿಶಿನ ಕುಂಕುಮದಲ್ಲಿ ಅಮ್ಮ ಹಾಡಿದ್ದನ್ನು ಕೇಳಿದ ಬಾಯಿಯವರು, "ಮೂರನೇ ನುಡಿ ನೀವೊಬ್ರ ಹಾಡ್ರಿ. ಉಳದಾವ್ರು ಆವಾಗ ಸುಮ್ಮ ಕೂಡ್ತಾರ" ಎಂದು ಅಪ್ಪಣೆ ಕೊಡಿಸಿಬಿಟ್ಟರು. ಒಬ್ಬಳೇ, ಮೈಕಿನ ಮುಂದೆ, ಅಷ್ಟು ಜನರೆದುರು. ಆ ವಾರ ನಮ್ಮ ಮನೆಯ ಸಾರಿಗೆ ಕೆಲವು ದಿನ ಎರಡು ಸಲ ಉಪ್ಪು ಬಿತ್ತು, ಕೆಲವು ದಿನ ಬೀಳಲೇ ಇಲ್ಲ. ಅಪ್ಪ ಎರಡನ್ನೂ ಮಾತಿಲ್ಲದೆ ಉಂಡರು.

ತೊಡಕು ಒಂದೇ. ಶನಿವಾರ ಮಧ್ಯಾಹ್ನದ ಅಭ್ಯಾಸಕ್ಕೆ ಮುಲುಂಡಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕು. ಚೆಂಬೂರಿನಿಂದ ಹಾರ್ಬರ್ ಲೈನಿನಲ್ಲಿ ಕುರ್ಲಾಕ್ಕೆ ಬಂದು, ಸೇತುವೆ ಹತ್ತಿ ಇಳಿದು, ಆ ಕಡೆಯ ಲೋಕಲ್ ಹಿಡಿದರೆ ಮುಲುಂಡ್. ಸ್ಕೂಲಿನ ಮಕ್ಕಳು ಮಾಡುವ ಕೆಲಸ. ಅಮ್ಮ ಮಾತ್ರ ಮಾಡುವವಳಲ್ಲ. ಮುಂಬಯಿಗೆ ಬಂದ ಹೊಸತರಲ್ಲಿ ಅದೇ ಕುರ್ಲಾದಲ್ಲಿ ಅಪ್ಪ ಲೋಕಲ್ ಹತ್ತಿದರು, ಅಮ್ಮ ಹತ್ತುವುದರೊಳಗೆ ಅದು ಹೊರಟುಹೋಯಿತು. ಅಪ್ಪ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬರುವವರೆಗೆ ಪ್ಲಾಟ್‌ಫಾರಮ್ಮಿನ ಕಂಬ ತಬ್ಬಿಕೊಂಡು ನಿಂತಿದ್ದವಳು, ಅಂದಿನಿಂದ ಒಬ್ಬಳೇ ರೈಲು ಹತ್ತಿರಲಿಲ್ಲ. ಅಪ್ಪನಿಗೆ ರಿಫೈನರಿಯಲ್ಲಿ ಶನಿವಾರವೂ ಡ್ಯೂಟಿ. ನನಗೆ ಅರ್ಧ ದಿನ. ನಾನು ವರ್ಷದಿಂದ ಬೈಕು ಬೈಕು ಎಂದು ಗೋಗರೆಯುತ್ತಿದ್ದುದೂ, ಅಪ್ಪ ಬೇಡ ಬೇಡ ಎನ್ನುತ್ತಿದ್ದುದೂ ಇಬ್ಬರಿಗೂ ಬಾಯಿಪಾಠವಾಗಿತ್ತು. ಅಂದು ಊಟದ ಮಧ್ಯೆ ಅಮ್ಮ, "ಮುರಳಿ ಗಾಡಿ ತಗೊಳ್ಳಲಿ ಬಿಡಿ. ನನ್ನ ಮುಲುಂಡಿಗೆ ಬಿಡ್ತಾನೆ" ಎಂದಳು.

ಅಪ್ಪ ತಟ್ಟೆಯಿಂದ ತಲೆ ಎತ್ತಿ, "ಲಕ್ಷಾಂತರ ಜನ ಓಡಾಡೋ ಲೋಕಲ್‌ಗೆ ಹೆದರ್ತೀಯ. ಇವನ ಹಿಂದೆ ಕೂರೋಕೆ ಹೆದರಲ್ಲ. ನಿನಗೆ ಯಾವುದಕ್ಕೆ ಹೆದರಬೇಕು ಅನ್ನೋದೇ ಗೊತ್ತಿಲ್ಲ ಕಣೆ" ಎಂದರು. ಗಾಡಿ ಬಂತು.

ಈಗ ನೀವೇ ಹೇಳಿ. ತಾಯಿಯನ್ನು ಹಿಂದೆ ಕೂರಿಸಿಕೊಂಡು ಹೋಗುವ ಒಂದೇ ಕಾರಣಕ್ಕೆ ಸಿಕ್ಕ ಗಾಡಿಯಿಂದ, ಬುದ್ಧಿ ಇರುವ ಮಗ ಮೊದಲು ಬಿಚ್ಚಿ ಎಸೆಯುವುದು ಹಿಂದಿನ ಸೀಟನ್ನೇ? ನಾನು ಎಸೆದೆ. ಅದರ ಜಾಗದಲ್ಲಿ ನನಗೆ ಸ್ಪ್ರಿಂಗಿನ ಮೇಲೆ ಕೂತ ಚರ್ಮದ ಒಂಟಿ ಗದ್ದಿಗೆ ಬಂತು. ಅಮ್ಮನಿಗೆ ಹಿಂದಿನ ಮಡ್‌ಗಾರ್ಡಿನ ಮೇಲೆ ಊಟದ ಮಣೆಯಷ್ಟಗಲದ ಒಂದು ಮೆತ್ತೆ. ಸೀರೆ ಗಾರ್ಡು ಹಳೇ ಪೇಪರಿನವನ ಪಾಲಾಯಿತು. ಅಮ್ಮ ಮೆತ್ತೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, "ಇದು ನನಗೋ, ಟಿಫಿನ್ ಡಬ್ಬಿಗೋ?" ಎಂದು ಕೇಳಿದ್ದಳು. ಹಳೇ ಕಾಲದಲ್ಲಿ ಹೀಗೇ ಇರುತ್ತಿತ್ತು ಅಂದೆ. "ಹಳೇ ಕಾಲದಲ್ಲಿ ನಾವು ಸಣ್ಣಗಿದ್ವಿ" ಅಂದಳು.

ಬಿಡಿ ಭಾಗಗಳ ಬೇಟೆಗೆ ನಾನು ಗ್ರಾಂಟ್ ರೋಡಿಗೆ ಹೋಗುತ್ತಿದ್ದೆ. ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಹಳೇ ಸಾಮಾನಿನ ಗಲ್ಲಿಗಳು. ಅಲ್ಲಿ ತುಕ್ಕು ಹಿಡಿದಷ್ಟೂ ವಸ್ತುವಿಗೆ ಮರ್ಯಾದೆ ಹೆಚ್ಚು. ಒಂದು ಸಲ ದೊಡ್ಡದೊಂದು ಹಳೆಯ ಹೆಡ್‌ಲೈಟನ್ನೂ, ಪೆಟ್ರೋಲ್ ಟ್ಯಾಂಕಿನ ಕೆಳಗೆ ಕೂರುವ ಹಿತ್ತಾಳೆಯ ಸಣ್ಣ ನಲ್ಲಿಯನ್ನೂ ಗೆದ್ದುಕೊಂಡು, ಪಕ್ಕದ ಉಡುಪಿ ಹೋಟೆಲಿನಲ್ಲಿ ಗೋಳಿಬಜೆ ತಿನ್ನಲು ಕೂತೆ. ಗಲ್ಲಾದಲ್ಲಿದ್ದ ಭಂಡಾರಿಯವರಿಗೆ ನನ್ನ ಪರಿಚಯವಿತ್ತು.

"ಎಂತ ಮಾರಾಯ್ರೆ ಅದು, ಲಾರಿದಾ?"

"ಬೈಕಿನದು. ನನ್ನ ಗಾಡಿಗೆ ಹಾಕ್ತೀನಿ."

"ಹಳೇ ಗಾಡಿ ತಗೊಂಡದ್ದಾ?"

"ಇಲ್ಲ, ಹೊಸದು. ಹೋದ ತಿಂಗಳು ಷೋರೂಮಿಂದ ಬಂತು."

ಅವರು ಹೆಡ್‌ಲೈಟನ್ನೂ ನನ್ನ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಆಮೇಲೆ ದನಿ ತಗ್ಗಿಸಿ, "ಮನೆಯಲ್ಲಿ ಎಲ್ಲ ಸೌಖ್ಯ ಅಲ್ವಾ?" ಎಂದರು.

ಇವನ್ನೆಲ್ಲ ಜೋಡಿಸಿದವನು ಪೀಟರ್. ಮಂಗಳೂರಿನ ಕಡೆಯವನು, ಚೆಂಬೂರಿನಲ್ಲಿ ತಗಡಿನ ಷೆಡ್ಡಿನ ಗ್ಯಾರೇಜು. ಮೆಕ್ಯಾನಿಕ್ಕರಲ್ಲಿ ಎರಡು ಬಗೆ: ಎಲ್ಲದಕ್ಕೂ ಆಗುವುದಿಲ್ಲ ಎನ್ನುವವರು, ಎಲ್ಲದಕ್ಕೂ ಆಗುತ್ತದೆ ಎನ್ನುವವರು. ಮೊದಲನೆಯವರು ದೇವರು ಕಳಿಸಿದವರು ಎಂಬುದು ನನಗೆ ತಡವಾಗಿ ತಿಳಿಯಿತು. ಪೀಟರ್ ಎರಡನೆಯವನು. ಹ್ಯಾಂಡಲ್ ಬಗ್ಗಿಸಬೇಕೆಂದರೆ "ಆಗ್ತದೆ ಮಾರಾಯ್ರೆ." ಸೈಲೆನ್ಸರ್ ಉದ್ದ ಮಾಡಬೇಕೆಂದರೆ "ಆಗ್ತದೆ ಮಾರಾಯ್ರೆ, ಮೀನಿನ ಬಾಲದ ಹಾಗೆ ಮಾಡುವಾ." ಅವನೊಳಗೊಬ್ಬ ಶಿಲ್ಪಿ ಇದ್ದ, ಅವನಿಗೆ ಕ್ರೋಮ್ ಹೊಳೆಯಬೇಕು, ಗಾಡಿ ಓಡುವುದು ಗಿರಾಕಿಯ ಖಾಸಗಿ ವಿಚಾರ. ಒಂದು ನಟ್ಟು ಬಿಗಿ ಮಾಡಲು ಬಿಟ್ಟರೆ ಇನ್ನೊಂದು ಸಡಿಲವಾಗಿ ವಾಪಸು ಬರುತ್ತಿತ್ತು. ಬೈದರೆ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, "ಆದ್ರೆ ಕಾಣಲಿಕ್ಕೆ ಏನು ಚಂದ ಉಂಟು, ಅಲ್ವಾ?" ಎನ್ನುತ್ತಿದ್ದ. ಬೈಗುಳವೆಲ್ಲ ಅಲ್ಲೇ ನಿಂತುಹೋಗುತ್ತಿತ್ತು, ಯಾಕೆಂದರೆ ಚಂದವಾಗಿಯೇ ಇತ್ತು.

ಚಂದದ ಫಲ ಏನಾಯಿತೆಂದರೆ, ಕಂಡವರೆಲ್ಲ ನನ್ನನ್ನು ಕನಿಕರದಿಂದ ನೋಡತೊಡಗಿದರು. ಹೊಸ ಗಾಡಿಯ ಬೆಲೆ ಕೊಟ್ಟು, ಅದರ ಮೇಲೆ ಹಳತಿನ ಬೆಲೆಯನ್ನೂ ಕೊಟ್ಟು ನಾನು ಸಂಪಾದಿಸಿದ್ದು ಇದು. ಪೆಟ್ರೋಲ್ ಹಾಕುವವನು "ಅಬ್ ತೋ ಬೇಚ್ ಡಾಲೋ ಸಾಬ್" ಎಂದು ಮಾರಿಬಿಡುವ ಸಲಹೆ ಕೊಡುತ್ತಿದ್ದ. ಲ್ಯಾಬಿನ ಸಾಹೇಬರು ಒಂದು ದಿನ ಕರೆದು, ಮನೆಯಲ್ಲಿ ಏನಾದರೂ ತೊಂದರೆಯಿದ್ದರೆ ಸಂಕೋಚಪಡಬೇಡ ಎಂದರು. ನಾನು ಅವರ ದನಿಯಲ್ಲೇ ಥ್ಯಾಂಕ್ಯೂ ಹೇಳಿ ಇನ್ನಷ್ಟು ಕೆಡಿಸಿಕೊಂಡೆ. ದೇಶಪಾಂಡೆಯವರು, ಅಂಗಳದಲ್ಲಿ ಎಣ್ಣೆ ಸೋರಿಸುವ ಹಳೇ ವಾಹನಗಳಿಗೆ ಜಾಗವಿಲ್ಲ ಎಂದರು. ಹೊಸದು ಎಂದು ಪುರಾವೆ ತೋರಿಸಿದರೆ, ಹಾಗಿದ್ದರೆ ನಿನಗೆ ಮೋಸವಾಗಿದೆ ಎಂದರು. ಗಾಡಿಯ ನಿಜವನ್ನು ಗುರುತಿಸಿದವರು ಒಬ್ಬರೇ, ದಾದರಿನ ಸಿಗ್ನಲ್ಲಿನಲ್ಲಿ ಸಿಕ್ಕ ಮುದುಕ ಪಾರಸಿ ಸಾಹೇಬರು. ಟೊಪ್ಪಿ ಸರಿಮಾಡಿಕೊಂಡು ಹತ್ತಿರ ಬಂದು ಟ್ಯಾಂಕನ್ನು ಸವರಿದರು. ನನಗೆ ಎದೆ ಉಬ್ಬಿತು. ತಮ್ಮ ಹತ್ತಿರ ಇದರ ಅಸಲಿ ಇತ್ತು ಎಂದರು. ಎಂಥ ಗಾಡಿ ಅಲ್ಲವೇ ಎಂದೆ. "ಡಿಕ್ರಾ, ಮಗನೇ, ಅದನ್ನು ಮಾರಿದ ದಿನ ನಾನು ಎಲ್ಲರಿಗೂ ಪಾರ್ಟಿ ಕೊಟ್ಟೆ" ಎಂದು ಹಿಂದಿಯಲ್ಲಿ ಹೇಳಿ ರಸ್ತೆ ದಾಟಿ ಹೋದರು.

ನಾಟ್ಯವೆಂದರೆ ಅನುಕರಣವೋ ಅನುಕೀರ್ತನವೋ ಎಂದು ನಮ್ಮ ಆಲಂಕಾರಿಕರು ಹಿಂದೆ ದೊಡ್ಡ ವಾದ ಮಾಡಿದ್ದಾರಂತೆ. ಬರೀ ಅನುಕರಿಸಿದರೆ ನೋಡುವವರಿಗೆ ನಗು ಬರುತ್ತದೆ. ಮತ್ತೆ ಹೊಸದಾಗಿ ಹಾಡಿದಂತೆ ಮಾಡಿದರೆ ರಸ ಹುಟ್ಟುತ್ತದೆ. ಕಾಲೇಜಿನಲ್ಲಿ ಸಂಸ್ಕೃತದ ಮೇಷ್ಟರು ಇದನ್ನು ಹೇಳುತ್ತಿದ್ದಾಗ ನಾನು ಹಿಂದಿನ ಬೆಂಚಿನಲ್ಲಿ ಅವರನ್ನೇ ಅನುಕರಿಸುತ್ತಿದ್ದುದರಿಂದ ವಿಷಯ ಅರ್ಧ ಮಾತ್ರ ತಲೆಗೆ ಹೋಗಿದೆ. ನಮ್ಮ ಘಟ್ಟದ ಸಾಲಿನ ಗುಹೆಗಳಿಗೆ ಹೋದವರು ನೋಡಿರಬಹುದು, ಬಂಡೆಯನ್ನು ಕೊರೆದ ಸೂರಿನಲ್ಲಿ ಮರದ ತೊಲೆಗಳ ಹಾಗೆಯೇ ತೊಲೆ ಕೆತ್ತಿದ್ದಾರೆ. ಬೆಟ್ಟದ ಸೂರಿಗೆ ತೊಲೆಯ ಆಸರೆ ಯಾಕೆ ಬೇಕು? ಬೇಕಿಲ್ಲ. ಕಲ್ಲಿನವನಿಗೆ ಮರದ ಮನೆಯ ಮೇಲೆ ಮಮತೆ. ಅವನ ತೊಲೆ ಏನನ್ನೂ ಹೊರುವುದಿಲ್ಲ, ಆದರೂ ಕಣ್ಣು ತುಂಬುತ್ತದೆ. ಇದನ್ನು ನಾನು ಪೀಟರನ ಷೆಡ್ಡಿನಲ್ಲಿ ಅಪ್ಪನಿಗೆ ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಸರಿ. ಆ ಗುಹೆ ಮೇಲೆ ಕೂತು ಯಾರಾದ್ರೂ ಮುಲುಂಡಿಗೆ ಹೋಗಬೇಕಿತ್ತಾ?" ಎಂದರು.

ಆ ಗಾಡಿಯನ್ನು ಶುರುಮಾಡುವುದೇ ಒಂದು ಸಂಧ್ಯಾವಂದನೆ. ಮೊದಲು ಪೆಟ್ರೋಲಿನ ನಲ್ಲಿ ತಿರುಗಿಸಬೇಕು. ಕಾರ್ಬುರೇಟರಿನ ತಲೆ ಒತ್ತಬೇಕು. ಹೆಡ್‌ಲೈಟಿನ ಹತ್ತಿರವಿರುವ ಸಣ್ಣ ಗಡಿಯಾರದಂಥದರ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕನ್ನು ಮೆಲ್ಲಗೆ ತುಳಿಯಬೇಕು. ಎಡಗೈಯ ಪುಟ್ಟ ಲಿವರ್ ಹಿಡಿದು ಎಂಜಿನ್ನಿನ ಉಸಿರು ಬಿಡಿಸಬೇಕು. ಆಮೇಲೆ ಕುಲದೇವರನ್ನು ನೆನೆದು ಒದೆಯಬೇಕು. ಲೆಕ್ಕ ತಪ್ಪಿದರೆ ಅದು ತಿರುಗಿ ಒದೆಯುತ್ತದೆ. ನನ್ನ ಬಲಗಾಲಿನ ಮೊಣಕಾಲಿಗೂ ಪಾದಕ್ಕೂ ನಡುವೆ ಆ ದಸರೆಯ ಹೊತ್ತಿಗೆ ನವರಾತ್ರಿಯ ಎಲ್ಲ ಬಣ್ಣಗಳೂ ಇದ್ದವು. ಈ ವಿಧಿಯೆಲ್ಲ ಮುಗಿಯುವವರೆಗೆ ಅಮ್ಮ ಶ್ರುತಿ ಪೆಟ್ಟಿಗೆಯನ್ನು ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಆಮೇಲೆ ಮೆತ್ತೆಯ ಮೇಲೆ ಅಡ್ಡಕ್ಕೆ ಕೂತು, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ನನ್ನ ಅಂಗಿಯ ಕಾಲರು. ಘಾಟ್‌ಕೋಪರಿನ ಹೊಂಡಗಳಲ್ಲಿ ನನ್ನ ಕತ್ತಿಗೆ ಉರುಳು ಬೀಳುತ್ತಿತ್ತು.

ಅವಳೋ ಹಿಂದೆ ಕೂತೇ ಅಭ್ಯಾಸ ಮಾಡುತ್ತಿದ್ದಳು. ಮೂರನೆಯ ನುಡಿ ನನ್ನ ಕಿವಿಯ ಹಿಂದೆ, ಎಂಜಿನ್ನಿನ ತಾಳದ ಮೇಲೆ. ಒಂದು ಸಲ ಹಾಡು ನಿಲ್ಲಿಸಿ, "ಇದು ನಡುನಡುವೆ ಒಂದು ಏಟು ನುಂಗ್ತಿದೆ ಕಣೋ. ನೋಡಿಸು" ಎಂದಳು. ನಾನು ನಕ್ಕೆ. ಅಮ್ಮನನ್ನೂ ನಾನು ಚೆನ್ನಾಗಿ ಅಣಕಿಸುತ್ತೇನೆ. ಪೀಟರನ ಮುಂದೆ ಸೆರಗು ಹೊದ್ದಂತೆ ಟವೆಲ್ ಹೊದ್ದು "ಏಟು ನುಂಗ್ತಿದೆ ಕಣೋ" ಎಂದು ಮಾಡಿ ತೋರಿಸಿದೆ. ಪೀಟರನೂ ಬಿದ್ದು ಬಿದ್ದು ನಕ್ಕ. ಇಬ್ಬರೂ ಚಾ ಕುಡಿದೆವು. ಆ ಶನಿವಾರ ಗಾಡಿ ಭಾಂಡುಪಿನಲ್ಲಿ ಎಲ್ಲ ಏಟುಗಳನ್ನೂ ಒಟ್ಟಿಗೆ ನುಂಗಿ ನಿಂತಿತು.

ಒಂದು ಶನಿವಾರ ಹೆಡ್‌ಲೈಟು ಬ್ಯಾಟರಿಯನ್ನು ಹೀರಿತು. ಇನ್ನೊಂದು ಶನಿವಾರ ಬಗ್ಗಿಸಿದ ಹ್ಯಾಂಡಲಿಗೆ ಕ್ಲಚ್ಚಿನ ತಂತಿ ಗಿಡ್ಡವಾಗಿ ಕಿತ್ತುಹೋಯಿತು. ಕಂಪೆನಿಯವರು ಹಾಕಿದ ಯಾವುದೂ ಕೆಟ್ಟಿರಲಿಲ್ಲ, ಕೆಟ್ಟದ್ದೆಲ್ಲ ನಾನು ಪ್ರೀತಿಯಿಂದ ಹಾಕಿಸಿದ್ದು. ಅಮ್ಮ ಪ್ರತಿ ಸಲವೂ ಬೆವರು ಒರೆಸಿಕೊಳ್ಳುತ್ತ, ಹಾಡು ಅರ್ಧ ಮುಗಿದ ಮೇಲೆ ಮುಲುಂಡಿನ ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಕೊನೆಗೊಂದು ದಿನ ಇಂದಿರಾಬಾಯಿಯವರು ಹಾರ್ಮೋನಿಯಂ ಮುಚ್ಚಿ, ಅಮ್ಮನಿಗಲ್ಲ, ನನಗೇ ಹೇಳಿದರು: "ನೋಡ್ರಿ ತಮ್ಮಾ, ನಿಮ್ಮ ಗಾಡಿ ಬರೂತನಾ ತಾಳ ನಿಂದ್ರಂಗಿಲ್ಲ. ಮುಂದಿನ ಶನಿವಾರ ಸೀರಿ ಉಟ್ಕೊಂಡು ಪೂರ್ತಿ ಅಭ್ಯಾಸ. ಅವತ್ತೂ ತಡಾ ಆತಂದ್ರ ಮೂರನೇ ನುಡಿ ಶಾಂತಾಗ ಹೋತು."

ಶಾಂತಾ ಎಂಬವರು ಮೂಗಿನಿಂದ ಹಾಡುತ್ತಿದ್ದರು. ದಾರಿಯಲ್ಲಿ ನಾನು ಮೂರನೆಯ ನುಡಿಯನ್ನು ಅವರ ಮೂಗಿನಲ್ಲಿ ಹಾಡಿ ತೋರಿಸಿದೆ. ಯಾವಾಗಲೂ ನಗುವ ಅಮ್ಮ ಅಂದು ನಗಲಿಲ್ಲ. ಕಾಲರನ್ನು ಹಿಡಿದಿದ್ದ ಕೈ ಕೂಡ ಸಡಿಲವಾಗಿತ್ತು. ಮನೆಗೆ ಬಂದವಳು ಶ್ರುತಿ ಪೆಟ್ಟಿಗೆಯನ್ನು ಕಪಾಟಿನ ಮೇಲಿನ ಅಟ್ಟಕ್ಕೆ, ಎಟುಕದ ಜಾಗಕ್ಕೆ ಎತ್ತಿಟ್ಟಳು. ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು, ಸ್ಟೂಲು ಹಾಕಿಕೊಂಡು ಹತ್ತಿ ಅದನ್ನು ಮತ್ತೆ ಕೆಳಗೆ ಇಳಿಸಿಟ್ಟರು.

ಆ ವಾರ ನಾನು ಪೀಟರನನ್ನು ಉಸಿರಾಡಲು ಬಿಡಲಿಲ್ಲ. ತಂತಿಗಳೆಲ್ಲ ಹೊಸವು, ಬ್ಯಾಟರಿ ಹೊಸದು, ನುಂಗಿದ ಏಟೂ ಸಿಕ್ಕಿತು. ಗಾಡಿ ದೇವಸ್ಥಾನದ ಗಡಿಯಾರದ ಹಾಗೆ ನಡೆಯತೊಡಗಿತು. ಅಲ್ಲಿಗೆ ಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಗ್ರಾಂಟ್ ರೋಡಿನ ಆ ಹಿತ್ತಾಳೆಯ ನಲ್ಲಿ ಇನ್ನೂ ಷೆಡ್ಡಿನ ಮೂಲೆಯಲ್ಲಿ ಕಾಗದದಲ್ಲಿ ಸುತ್ತಿಕೊಂಡು ಕೂತಿತ್ತು. ಹುಣಸೆಹಣ್ಣಿನಲ್ಲಿ ತಿಕ್ಕಿದೆ. ಬಂಗಾರದ ಹಾಗೆ ಹೊಳೆಯಿತು. ಇದೊಂದನ್ನು ಹಾಕಿಬಿಟ್ಟರೆ ವೇಷ ಪೂರ್ತಿಯಾಗುತ್ತದೆ ಎಂದೆ. ಪೀಟರ್ ಏನೆಂದಿರಬಹುದು ಎಂದು ನಾನು ಹೇಳಬೇಕಾಗಿಲ್ಲ.

ಶನಿವಾರ ಅಮ್ಮ ತಂಡದ ಸೀರೆ ಉಟ್ಟಿದ್ದಳು, ಗಿಳಿಹಸಿರಿಗೆ ಸಾಸಿವೆ ಬಣ್ಣದ ಅಂಚು. ಬೇಗ ಹೊರಟೆವು. ಕುರ್ಲಾ ದಾಟಿತು, ಘಾಟ್‌ಕೋಪರ್ ದಾಟಿತು, ನನಗೆ ಸಿಳ್ಳೆ ಹಾಕುವಷ್ಟು ಧೈರ್ಯ ಬಂತು. ವಿಕ್ರೋಲಿಯಲ್ಲಿ ಗಾಡಿ ಎರಡು ಸಲ ಕೆಮ್ಮಿ, ಒಮ್ಮೆ ಬಿಕ್ಕಿ, ತಣ್ಣಗಾಯಿತು. ಹಿತ್ತಾಳೆಯ ಹೊರಗನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ್ದ ನಾನು ಒಳಗನ್ನು ನೋಡಿರಲಿಲ್ಲ. ಅದರ ಹೊಟ್ಟೆಯೊಳಗಿದ್ದ ವರ್ಷಗಟ್ಟಲೆಯ ಕಸವೆಲ್ಲ ಇಳಿದು ಪೆಟ್ರೋಲಿನ ದಾರಿ ಕಟ್ಟಿಕೊಂಡಿತ್ತು.

ಅಮ್ಮ ಇಳಿದಳು. ಸೀರೆ ಗಾರ್ಡ್ ಇಲ್ಲದ ಚಕ್ರದ ಪಕ್ಕದಲ್ಲಿ ತೂಗಾಡಿದ ನೆರಿಗೆಗೆ ಚೈನಿನ ಎಣ್ಣೆ ಹತ್ತಿ, ಸಾಸಿವೆ ಅಂಚಿನ ಕೆಳಗೆ ಕಪ್ಪಗೆ ಇನ್ನೊಂದು ಅಂಚು ಮೂಡಿತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು.

"ಒಂದು ನಿಮಿಷ ಅಮ್ಮ, ಈಗ ಸರಿಹೋಗುತ್ತೆ."

"ಭಾಂಡುಪಿನಲ್ಲೂ ಒಂದು ನಿಮಿಷ ಅಂದಿದ್ದೆ."

ನಾನು ಮಂಡಿಯೂರಿ ನಲ್ಲಿ ಬಿಚ್ಚತೊಡಗಿದೆ. ಅವಳು ನೆರಿಗೆಯನ್ನು ಸಡಿಲಿಸಿ, ಕಪ್ಪು ಭಾಗ ಒಳಗೆ ಹೋಗುವ ಹಾಗೆ ಮಡಿಸಿ ಸಿಕ್ಕಿಸಿಕೊಂಡಳು.

"ಸ್ಟೇಷನ್ ಯಾವ ಕಡೆ?"

"ಯಾಕೆ?"

"ಯಾವ ಕಡೆ ಅಂತ ಕೇಳ್ದೆ."

ಸ್ಪ್ಯಾನರಿನಲ್ಲೇ ತೋರಿಸಿದೆ. ಅವಳು ಪೆಟ್ಟಿಗೆ ಎತ್ತಿಕೊಂಡಳು.

"ಅಮ್ಮಾ, ನೀನೊಬ್ಬಳೇ ಹೇಗೆ..."

"ಶಾಂತಾ ಮೂಗಲ್ಲಿ ಹಾಡ್ತಾಳೆ ಕಣೋ" ಎಂದಳು. ಅಷ್ಟೇ ಹೇಳಿ ಹೊರಟಳು.

ಗಾಡಿ ಬಿಟ್ಟು ಓಡಿದರೆ ಗಾಡಿ ಹೋಗುತ್ತದೆ, ಬಿಡದಿದ್ದರೆ ಅಮ್ಮ ಹೋಗುತ್ತಾಳೆ ಎಂದು ನಾನು ತೂಗಿ ನೋಡುತ್ತಿರುವಾಗಲೇ ಅಮ್ಮ ಹೋಗಿಯಾಗಿತ್ತು. ಪಾನಿನ ಅಂಗಡಿಯವನಿಗೆ ಗಾಡಿ ನೋಡಿಕೊಳ್ಳಲು ಹೇಳಿದೆ. ಇದನ್ನು ಯಾರು ಒಯ್ಯುತ್ತಾರೆ ಎಂಬ ಮುಖ ಮಾಡಿ ಅವನು ತಲೆಯಾಡಿಸಿದ. ನಾನು ಸೇತುವೆ ಹತ್ತುವ ಹೊತ್ತಿಗೆ ಲೋಕಲ್ ಬಂದು ನಿಂತಿತ್ತು. ಹೆಂಗಸರ ಡಬ್ಬಿಯ ಮುಂದೆ ಗಿಳಿಹಸಿರು ಸೀರೆ, ಕಂಬದ ಪಕ್ಕ, ಅಲುಗಾಡದೆ. ಕೂಗೋಣವೆಂದರೆ ಯಾರ ದನಿಯೂ ಒದಗಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ, ತರಕಾರಿ ಬುಟ್ಟಿಯ ಮರಾಠಿ ಹೆಂಗಸೊಬ್ಬಳು ಕೈ ಚಾಚಿ, "ಯೇ ಗ ಬಾಯ್, ಚಢ್ ಲೌಕರ್" ಎಂದು ಬೇಗ ಹತ್ತಲು ಕರೆದಳು. ಅಮ್ಮ ಮೊದಲು ಶ್ರುತಿ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟಳು. ಪೆಟ್ಟಿಗೆ ಹೋದ ಮೇಲೆ ಅಮ್ಮ ಹಿಂದೆ ಉಳಿಯುವವಳಲ್ಲ. ಹತ್ತಿದಳು. ಲೋಕಲ್ ಹೊರಟಿತು.

ನಲ್ಲಿ ತೊಳೆದು, ಊದಿ, ಪೆಟ್ರೋಲ್ ನುಂಗಿ, ಬಣ್ಣದ ಕಾಲಿಗೆ ಇನ್ನೊಂದು ಬಣ್ಣ ಬಳಿಸಿಕೊಂಡು ನಾನು ಮುಲುಂಡ್ ಮುಟ್ಟುವಾಗ ಸಂಜೆಯಾಗಿತ್ತು. ಇಂದಿರಾಬಾಯಿಯವರು ಜಮಖಾನೆ ಸುತ್ತುತ್ತಿದ್ದರು.

"ಅವ್ವಾರು ಆಗಲೇ ಹ್ವಾದ್ರಲ್ರೀ. ಎಲ್ಲಾರ್ಕಿಂತ ಮೊದಲ ಬಂದು ಕೂತಿದ್ರು ಇವತ್ತ."

"ಮೂರನೇ ನುಡಿ?"

"ಅವರ್ದ. ಇನ್ಯಾರ ಹಾಡ್ತಾರ ಅದನ್ನ?" ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೈಕಾಲು ತೊಳಕೊಳ್ರಿ, ಚಾ ಕುಡದು ಹೋಗೀರಂತ" ಎಂದರು.

ಮನೆಗೆ ಬಂದಾಗ ಅಮ್ಮ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು. ನಾನೇ ಕುರ್ಲಾದಲ್ಲಿ ಬದಲಾಯಿಸುವಾಗ ಏನಾಯಿತು ಎಂದು ಕೇಳಿದೆ. "ಏನಾಗತ್ತೆ? ಸೇತುವೆ ಇದೆ. ಹತ್ತಿದೆ, ಇಳಿದೆ" ಎಂದಳು. ಅಪ್ಪ ಪೇಪರಿನ ಹಿಂದಿನಿಂದ ಕೆಮ್ಮಿದರು. ಆ ಕೆಮ್ಮನ್ನು ನಾನು ಇವತ್ತಿಗೂ ಅಣಕಿಸಲು ನೋಡುತ್ತೇನೆ, ಬರುವುದಿಲ್ಲ. ಅದರಲ್ಲಿ ಅರ್ಧ ಹೆಮ್ಮೆ, ಅರ್ಧ ಸೋಲು, ಮೇಲೆ ಸ್ವಲ್ಪ ಕಫ.

ನನಗೆ ಆ ರಾತ್ರಿಯ ಊಟ ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಇಳಿಯಿತು. ಆದರೆ ಮರುದಿನ ಗಾಡಿಯನ್ನು ತಳ್ಳಿಕೊಂಡು ಪೀಟರನ ಷೆಡ್ಡಿಗೆ ಹೋಗಿ, ನಾನು ಬಿಚ್ಚಿದ್ದನ್ನೆಲ್ಲ ಮತ್ತೆ ಹಾಕಬೇಕು ಎಂದೆ. ಜೀವಮಾನದಲ್ಲಿ ಮೊದಲ ಸಲ ಪೀಟರ್ "ಆಗುದಿಲ್ಲ ಮಾರಾಯ್ರೆ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವನಿಗೆ ಚಾ ಕುಡಿಸಿ, ಸಮಾಧಾನ ಮಾಡಿ, ಎದುರು ಕೂತು ಮಾಡಿಸಿದೆ. ಉದ್ದ ಸೀಟು ಬಂತು. ಹೊಸ ಸೀರೆ ಗಾರ್ಡ್ ಬಂತು, ಪ್ಲಾಸ್ಟಿಕ್ಕಿನ ಇಂಡಿಕೇಟರುಗಳೂ ಬಂದವು. ಹಿಂದೆ ಕೂತವರು ಹಿಡಿದುಕೊಳ್ಳಲು ಸ್ಟೀಲಿನ ಹಿಡಿ, ಶ್ರುತಿ ಪೆಟ್ಟಿಗೆ ಇಡಲು ಪಕ್ಕದಲ್ಲೊಂದು ಚೀಲ. ಈ ಎರಡು ಮಾತ್ರ ಕಾರ್ಖಾನೆಯವರಿಗೂ ಹೊಳೆಯದ ನನ್ನ ಸ್ವಂತದ ಅಲಂಕಾರ. ಇಷ್ಟಾಗುವ ಹೊತ್ತಿಗೆ ಒಂದೆರಡು ವಾರ ಕಳೆದು, ಸ್ಪರ್ಧೆ ಹತ್ತಿರ ಬಂದು, ಬಾಯಿಯವರು ಅಭ್ಯಾಸವನ್ನು ವಾರವಿಡೀ ಇಟ್ಟಿದ್ದರು. ಅಮ್ಮ ಹೇಗೋ ಹೋಗಿ ಬರುತ್ತಿದ್ದಳು. ನಾನು ಷೆಡ್ಡಿನಲ್ಲಿದ್ದೆನಾದ್ದರಿಂದ ವಿಚಾರಿಸಲಿಲ್ಲ.

ಶನಿವಾರ ಮಧ್ಯಾಹ್ನ ಗಾಡಿಯನ್ನು ಗೇಟಿನ ಮುಂದೆ ತಂದು ನಿಲ್ಲಿಸಿದೆ. ಒಂದೇ ಒದೆತಕ್ಕೆ ಶುರುವಾಯಿತು. ದೇಶಪಾಂಡೆಯವರು ಬಾಲ್ಕನಿಯಿಂದ ಬಗ್ಗಿ ನೋಡಿ, ಕೊನೆಗೂ ಹೊಸ ಗಾಡಿ ತಗೊಂಡೆಯಲ್ಲ, ಒಳ್ಳೆಯದಾಯಿತು ಎಂದರು. ಅಮ್ಮ ಶ್ರುತಿ ಪೆಟ್ಟಿಗೆ ಹಿಡಿದು ಇಳಿದು ಬಂದಳು. ಉದ್ದ ಸೀಟನ್ನು ಒತ್ತಿ ನೋಡಿದಳು, ಸೀರೆ ಗಾರ್ಡಿನ ಮೇಲೆ ಕೈಯಾಡಿಸಿದಳು, ಚೀಲದ ಬಾಯಿ ತೆರೆದು ಒಳಗೆ ಇಣುಕಿದಳು. ಅವಳಿಗೆ ಮೆಚ್ಚಿಕೆಯಾದದ್ದು ಮುಖದಲ್ಲೇ ಕಾಣುತ್ತಿತ್ತು.

"ಹತ್ತಮ್ಮ" ಎಂದೆ. "ಇನ್ನು ಎಲ್ಲೂ ನಿಲ್ಲಲ್ಲ. ಬಾಗಿಲಿಗೇ ಬಿಡ್ತೀನಿ."

ಅಮ್ಮ ನನ್ನ ಕಾಲರನ್ನು ಸರಿಮಾಡಿದಳು. ಆಮೇಲೆ ಪೆಟ್ಟಿಗೆಯನ್ನು ಕಂಕುಳಿಗೆ ಏರಿಸಿಕೊಂಡು ಸ್ಟೇಷನ್ನಿನ ಕಡೆ ತಿರುಗಿ ಹೇಳಿದಳು:

"ಚೆನ್ನಾಗಿದೆ ಕಣೋ. ಗಾಡಿಗೆ ಜೊತೆ ಬೇಕಿದ್ರೆ ಹೇಳು, ಭಾನುವಾರ ಬರ್ತೀನಿ. ಮುಲುಂಡಿಗೆ ಹೋಗೋಕೆ ನನ್ನ ಹತ್ರ ಪಾಸಿದೆ."